ತಲೆಕೆಳಗಾದ ಗಾಜು

ಮೂಡಲಗಿಯ ನಮ್ಮ ಶೆಡ್ಡಿನಲ್ಲಿ ಒಂದು ರೂಢಿ ಇತ್ತು. ಕಬ್ಬಿನ ಟ್ರಾಲಿ ತಯಾರಾದಾಗ ಅದಕ್ಕೆ ಕೊನೆಯ ಟಾಕಾ ಹೊಡೆದವನು, ಅಂದರೆ ಕೊನೆಯ ವೆಲ್ಡಿಂಗ್ ಮಾಡಿದವನು, ಅದನ್ನು ಟ್ರ್ಯಾಕ್ಟರಿಗೆ ಕಟ್ಟಿ ಮೊದಲ ಸುತ್ತು ಹೊಡೆಯಬೇಕು. ಮಾಲೀಕ ಎಂಥ ದೊಡ್ಡ ಕುಳವಾದರೂ ಅವನ ಪಾಳಿ ಆಮೇಲೆ. ನಾನೂ ನನ್ನ ಗೆಳೆಯನೂ ಹದಿನೆಂಟು ವರ್ಷ ಆ ಶೆಡ್ಡು ನಡೆಸಿದೆವು. ಒಂದೇ ತಾಟಿನಲ್ಲಿ ಉಂಡವರು ನಾವು. ಬೇರೆ ಏನೇನೋ ಜಗಳ ಆಡಿದ್ದೇವೆ, ಈ ರೂಢಿ ಮಾತ್ರ ಮುರಿದಿರಲಿಲ್ಲ.

ಹುಕ್ಕೇರಿ ಕಡೆಯ ಒಬ್ಬ ಸಾವ್ಕಾರರು ಒಂದು ದಿನ ಬಂದು ಮೊಬೈಲಿನಲ್ಲಿ ಒಂದು ದೋಣಿ ತೋರಿಸಿದರು. ಮೀನು ಹಿಡಿಯುವ ಟ್ರಾಲರಿನ ಮೈಕಟ್ಟು, ಒಳಗೆ ಪೂರಾ ಮನೆ: ಮಲಗಲು ಎರಡು ಕೋಣೆ, ಅಡುಗೆಯ ಕಟ್ಟೆ, ಎಲ್ಲಕ್ಕಿಂತ ಎತ್ತರದಲ್ಲಿ ಗಾಜು ಹಾಕಿದ ಚಾಲಕನ ಕೋಣೆ. ಡ್ಯಾಮಿನ ಹಿನ್ನೀರಿಗೆ ಅವರ ಹೊಲ ಹತ್ತಿದೆ, ಅಲ್ಲಿ ಬಿಡಲು ಬೇಕಂತೆ.

"ಕಬ್ಬಿಣ ಅಂದ್ರ ಕಬ್ಬಿಣರೀ. ಹೊಲದಾಗ ಇದ್ರೇನು, ನೀರಾಗ ಇದ್ರೇನು?" ಅಂದ ನನ್ನ ಗೆಳೆಯ. ಒಪ್ಪಿಕೊಂಡವನು ಅವನು, ಒದ್ದಾಡಿದವನು ನಾನು.

ಕರಾವಳಿಗೆ ಹೋಗಿ ದೋಣಿ ಕಟ್ಟುವ ಒಬ್ಬ ಮುದುಕರ ಕಾಲ ಬುಡದಲ್ಲಿ ಎಂಟು ದಿನ ಕೂತೆ. ತಳ ದುಂಡಗಿರಬೇಕು, ನಡುವೆ ಬೆನ್ನೆಲುಬಿನಂತೆ ಒಂದು ಉದ್ದ ಕಂಬಿ ಓಡಬೇಕು, ಡೀಸೆಲ್ ಇಂಜಿನ್ ಆದಷ್ಟು ಕೆಳಗೆ ಕೂರಬೇಕು. ಎಲ್ಲ ಕಲಿತು ಬಂದು ಶೆಡ್ಡಿನ ನೆಲದ ಮೇಲೆ ಚಾಕ್‌ನಲ್ಲಿ ಇಡೀ ದೋಣಿ ಬರೆದೆ, ಅಳತೆಗೆ ಅಳತೆ. ಮುದುಕರು ಹೇಳಿದ ಒಂದು ಮಾತನ್ನಂತೂ ಗೆಳೆಯನಿಗೆ ನೂರು ಸಲ ಹೇಳಿದ್ದೆ. ಲಾರಿಯ ಮುಂದಿನ ಗಾಜು ಹಿಂದಕ್ಕೆ ವಾಲಿರುತ್ತದೆ. ದೋಣಿಯ ಗಾಜಿನ ಮೇಲ್ತುದಿ ಮುಂದಕ್ಕೆ ಬಾಗಿರಬೇಕು. ಆಗ ಗಾಜಿನಲ್ಲಿ ಕಪ್ಪು ಬಳಿದ ಚಾವಣಿ ಬಿಟ್ಟರೆ ಒಳಗಿನ ಯಾವುದರ ಬಿಂಬವೂ ಮೂಡುವುದಿಲ್ಲ. ಹಿಂದಕ್ಕೆ ವಾಲಿದರೆ ಕತ್ತಲಾದ ಮೇಲೆ ಒಳಗಿನ ದೀಪವೇ ಎದುರು ನಿಂತು ನೀರನ್ನು ಮುಚ್ಚುತ್ತದೆ.

ಭಾಗಗಳನ್ನು ನಮ್ಮದೇ ಟ್ರಾಲಿಗಳಲ್ಲಿ ಹೇರಿಕೊಂಡು ಹೋಗಿ ಹಿನ್ನೀರಿನ ದಂಡೆಯಲ್ಲಿ ಜೋಡಿಸಿದೆವು. ಗಾಜಿನ ಚೌಕಟ್ಟಿಗೆ ಕೊನೆಯ ಟಾಕಾ ನಾನೇ ಹೊಡೆದೆ. ಗೆಳೆಯ ಬೆನ್ನಿಗೆ ಗುದ್ದಿದ: "ಮುಗೀತಲೇ! ಮೊದಲ್ನೇ ಸುತ್ತಿಗೆ ಚಕ್ರ ನಿನ್ನ ಕೈಯಾಗ."

ಗಾಜು ಕೊಯ್ಸಲು ಗೋಕಾಕಕ್ಕೆ ಹೋದೆ, ಎರಡು ದಿನ ಹಿಡಿಯಿತು. ಮೂರು ಗಾಜು, ಮೇಲೆ ಅಗಲ, ಕೆಳಗೆ ಕಿರಿದು. ವಾಪಸು ಬರುವಾಗ ಟೆಂಪೋದವನು ನನ್ನ ಕೈ ನೋಡಿ ನಕ್ಕ. "ಏನ್ರಿ ಕಾಕಾ, ಗಾಡಿ ನಾ ಹೊಡ್ಯಾಕತ್ತೇನೋ, ನೀವೋ?" ನನಗೇ ಗೊತ್ತಿಲ್ಲದೆ ಗಾಳಿಯಲ್ಲಿ ಚಕ್ರ ತಿರುಗಿಸುತ್ತಿದ್ದೆ, ಐವತ್ತು ದಾಟಿದ ಗಂಡಸು!

ದಂಡೆಗೆ ಬಂದು ನೋಡಿದೆ. ಚೌಕಟ್ಟನ್ನು ಕತ್ತರಿಸಿ, ತಲೆಕೆಳಗೆ ತಿರುವಿ, ಮತ್ತೆ ಬೆಸೆದಿದ್ದರು. ಲಾರಿಯಂತೆ ಹಿಂದಕ್ಕೆ ವಾಲಿತ್ತು.

"ಲೇ, ಏನ್ ಮಾಡಿದಿ ಇದನ್ನ?"

"ಸಾವ್ಕಾರ್ರು ನೋಡಿ ನಕ್ರೋ. ಮುಗ್ಗರಿಸಿ ಬಿದ್ದಂಗ ಕಾಣತೈತಿ ಅಂದ್ರು. ತಿರುವಿ ಹಾಕೀನಿ. ಗಾಜನ್ನೂ ತೆಳಗ ಮ್ಯಾಲ ಮಾಡು, ಬರೋಬ್ಬರಿ ಕುಂಡ್ರತಾವ."

"ನಾ ಯಾಕ್ ಹಂಗ ಇಟ್ಟಿದ್ನಿ ಅಂತ ಅವರಿಗೆ ಹೇಳಲಿಲ್ಲೇನು?"

ಅವನು ಕೈ ಒರೆಸಿಕೊಳ್ಳುತ್ತ ನಿಂತ. ಅಷ್ಟರಲ್ಲಿ ಸಾವ್ಕಾರರೇ ಬಂದು ಹೆಗಲ ಮೇಲೆ ಕೈ ಇಟ್ಟರು. "ಇರ್ಲಿ ಬಿಡ್ರಿ, ಮನಶ್ಯಾ ಅಂದ್ಮ್ಯಾಲ ತಪ್ಪ ಆಗತೈತಿ. ನಿಮ್ಮ ಅಳತಿ ತಪ್ಪಿದ್ದು, ಇವರು ಸರಿ ಮಾಡಿದ್ದು, ಎಲ್ಲಾ ಹೇಳ್ಯಾರ."

ನಂಬಿಸಿ ಕುತ್ತಿಗೆ ಕೊಯ್ಯುವುದು ಅಂದರೆ ಇದೇ. ಗಿರಾಕಿಯ ನಗೆಗೆ ಹೆದರಿ ಅವನು ನನ್ನನ್ನು ದಡ್ಡನನ್ನಾಗಿ ಮಾಡಿದ್ದ. ಕೊನೆಯ ಟಾಕಾ ಕೂಡ ಈಗ ಅವನದಾಗಿತ್ತು, ಅದರ ಜೊತೆ ಚಕ್ರವೂ. ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರಾದ ಕೈ ನನ್ನದು, ಮೊಸರಿನ ಬಾಯಿ ಅವನದು. ಸ್ಪ್ಯಾನರ್ ಕಳೆದರೆ ಶೆಡ್ಡೇ ಹಾರಿಹೋಗುವಂತೆ ಕೂಗುವವನು ನಾನು, ಅವತ್ತು ಬಾಯಿ ಸತ್ತವನಂತೆ ಗಾಜುಗಳನ್ನು ತಲೆಕೆಳಗು ಮಾಡಿ ಕೂರಿಸಿದೆ. ಹದಿನೆಂಟು ವರ್ಷದ ಗೆಳೆಯ, ಯಾವಾಗಲಾದರೂ ತಾನೇ ನಿಜ ಹೇಳಿಯಾನು ಅಂದುಕೊಂಡೆ. ಎಂಥ ಹುಚ್ಚ ನಾನು!

ಮರುದಿನ ತೆಂಗಿನಕಾಯಿ ಒಡೆದು ದೋಣಿ ಇಳಿಸಿದರು. ನೀರಿನ ಮೇಲೆ ಅದು ಒಂದಿಷ್ಟೂ ವಾಲದೆ ಕೂತಿತು. ಗೆಳೆಯ ಚಕ್ರ ಹಿಡಿದ, ಪಕ್ಕದಲ್ಲಿ ಸಾವ್ಕಾರರು. ನಾನು ಹಿಂದಿನ ಬೆಂಚಿನಲ್ಲಿ ಬೀಗರ ಮನೆಗೆ ಕರೆಯದೆ ಬಂದವನ ಹಾಗೆ ಕೂತೆ.

ತಿರುಗಿ ಬರುವಾಗ ಹೊತ್ತು ಮುಳುಗಿತು. ಮೀಟರು ನೋಡಲೆಂದು ಅವನು ದೀಪ ಹಾಕಿದ. ಹಾಕಿದ್ದೇ ತಡ, ಎದುರಿನ ನೀರು ಮಾಯ.

"ಮುಂದ ಏನೂ ಕಾಣವಲ್ದಲ್ಲ!" ಎಂದು ಇಂಜಿನ್ ತಗ್ಗಿಸಿದ.

ಸಾವ್ಕಾರರು ನನ್ನ ಕಡೆ ಹೊರಳಿದರು. "ಏನ್ರಿ ಇದು? ಇವರು ತಿದ್ದಿದ ಮ್ಯಾಲೂ ನಿಮ್ಮ ತಪ್ಪು ಹೋಗಿಲ್ಲಲ್ರಿ!"

ನಾನು ಗಾಜನ್ನೇ ನೋಡಿದೆ. ಅದರಲ್ಲಿ ಗೆಳೆಯನ ಮುಖ ಸ್ಪಷ್ಟವಾಗಿತ್ತು, ಹಣೆಯ ಬೆವರು ಸಹಿತ. ಹೇಳೋ, ಈಗಲಾದರೂ ನಿಜ ಹೇಳೋ, ಎಂದು ಮನಸ್ಸಿನಲ್ಲೇ ಅಂಗಲಾಚಿದೆ.

"ಹೌದ್ರಿ ಸಾವ್ಕಾರ್ರ," ಅಂದ ಅವನು.

ನಾನು ಎದ್ದು ಹೋಗಿ ಒಳಗಿನ ದೀಪಗಳನ್ನೆಲ್ಲ ಆರಿಸಿದೆ. ನೀರು ಕಂಡಿತು, ದಂಡೆಯೂ ಕಂಡಿತು. ಗಾಜಿನಲ್ಲಿದ್ದ ಅವನ ಮುಖ ಹೋಯಿತು. ಆ ಮುಖವನ್ನು ನಾನು ಮತ್ತೆ ನೋಡಲು ಹೋಗಿಲ್ಲ.