ಹಿಂದಿನಿಂದ ಬಂದ ಹಾರ್ನ್

ಆನೇಕಲ್ ರಸ್ತೆಯಲ್ಲಿ ನನ್ನ ಸೈಕಲ್ ಹಿಂದಿದ್ದ ಬೈಕಿನವನು ಒಂದೇ ಸಮನೆ ಹಾರ್ನ್ ಹೊಡೆಯುತ್ತಿದ್ದ. ಭಾನುವಾರವೂ ಇವರಿಗೆ ಅವಸರವೇ ಎಂದು ಸಿಟ್ಟಾಗಿ, ಮುಂದೆ ಹೋಗುವಂತೆ ಕೈ ಬೀಸಿದೆ. ಆತ ಹೋಗಲಿಲ್ಲ. ಪಕ್ಕಕ್ಕೇ ಬಂದು ಕೂಗಿದ: “ಅಕ್ಕಾರ, ಸೈಕಲ್ ನಿಂದರಸ್ರಿ. ಕೂಸಿನ ಕಾಲು ಗಾಲ್ಯಾಗ ಸಿಗತೈತಿ.”

ಬ್ರೇಕ್ ಹಿಡಿದು ತಿರುಗಿದೆ. ಹಿಂದಿನ ಸೀಟಿನಲ್ಲಿ ಎರಡು ವರ್ಷದ ಮಗಳು ನಿದ್ದೆ ಹೋಗಿದ್ದಳು. ಪಾದದ ಬೆಲ್ಟು ಕಳಚಿ, ಬರಿಗಾಲು ಚಕ್ರದ ಕಡ್ಡಿಗಳ ಪಕ್ಕದಲ್ಲೇ ನೇತಾಡುತ್ತಿತ್ತು. ನಾನು ಸೈಕಲ್ ವಾಲದಂತೆ ಹಿಡಿದುಕೊಂಡಿದ್ದರಿಂದ, ಫ್ಯಾಕ್ಟರಿ ಸಮವಸ್ತ್ರದಲ್ಲಿದ್ದ ಆತನೇ ಮಂಡಿಯೂರಿ ಬೆಲ್ಟು ಬಿಗಿದ. “ದಾರ್ಯಾಗ ಬಿದ್ದಿತ್ರಿ,” ಎಂದು ಜೇಬಿನಿಂದ ಅವಳ ಪುಟ್ಟ ಚಪ್ಪಲಿ ತೆಗೆದುಕೊಟ್ಟು, ನಾನು ಅದನ್ನು ಮಗಳ ಕಾಲಿಗೆ ಹಾಕುವಷ್ಟರಲ್ಲಿ ಹೊರಟುಹೋದ.

ಈಗ ಹಿಂದೆ ಹಾರ್ನ್ ಕೇಳಿದರೆ ಮೊದಲು ಮಗಳ ಕಾಲು ನೋಡುತ್ತೇನೆ. ಆಮೇಲೆ, ಆತನೇ ಇರಬಹುದೇ ಎಂದು ಸವಾರನ ಮುಖ.