ಹಾಡುವ ದನಗಾಹಿಯ ನಿಧಿ ಹಂಚಿದವರು

ಕಳೆದ ವಾರ ಯಾದಗಿರಿಯಿಂದ ಒಂದು ಕಟ್ಟು ಬಂತು. ಜಿಲ್ಲೆಯ ಹಳೆಯ ನಾಟಕ, ಬಯಲಾಟ, ಟೆಂಟ್ ಸಿನೆಮಾಗಳ ಕುರಿತು ಅಲ್ಲಿನ ಉಪನ್ಯಾಸಕರೊಬ್ಬರು ಸಿದ್ಧಪಡಿಸಿದ ಪುಸ್ತಕದ ಕರಡು. ಅಕ್ಷರದೋಷಗಳನ್ನು ತಿದ್ದಿಕೊಡಬೇಕೆಂದು ನನಗೆ ಕಳಿಸಿದ್ದರು. ಶಹಾಪುರದ ಒಂದು ಅಚ್ಚುಕೂಟದಲ್ಲಿ ಅಕ್ಷರದ ಮೊಳೆ ಜೋಡಿಸುತ್ತ ಆಯುಷ್ಯ ಸವೆಸಿದವನಿಗೆ ಇಳಿವಯಸ್ಸಿನಲ್ಲಿ ಸಿಕ್ಕುವ ಮರ್ಯಾದೆ ಇಂಥದೇ. ಕಟ್ಟು ಬಿಚ್ಚಿದೊಡನೆ ನಾನು ಓದಲಿಲ್ಲ, ಮೂಸಿ ನೋಡಿದೆ. ಈಗಿನ ಕಾಗದಕ್ಕೆ ವಾಸನೆಯೇ ಇಲ್ಲ. ನಮ್ಮ ಕಾಲದ ಕರಡಿನಲ್ಲಿ ಮಸಿ, ಸೀಮೆಎಣ್ಣೆ, ಒದ್ದೆ ಕಾಗದ ಮೂರೂ ಕೂಡಿ ಮೂಗಿಗೆ ಬಡಿಯುತ್ತಿದ್ದವು. ತಪ್ಪು ಎಲ್ಲಿದೆಯೆಂದು ಮೂಗೇ ಹೇಳುತ್ತದೆ ಎಂದು ನಾವು ಜಂಬ ಕೊಚ್ಚಿಕೊಳ್ಳುತ್ತಿದ್ದೆವು.

ಈ ಸಲ ಮೂಗಿಗೆ ತಿಳಿಯದ್ದು ಕಣ್ಣಿಗೆ ಬಿತ್ತು. ಪುಸ್ತಕದ ನಡುವೆ ಎಲ್ಲೋ ಒಂದು ವಾಕ್ಯ: "ಶಹಾಪುರದ ಟೆಂಟಿನಲ್ಲಿ ಹಾಡುವ ದನಗಾಹಿಯ ಇಂಗ್ಲಿಷ್ ಚಿತ್ರ ನಡೆದಾಗ, ಇಂಗ್ಲಿಷ್ ಬಾರದ ವಿವರಣೆಗಾರ ಮಾನಪ್ಪನು ತನಗೆ ತೋಚಿದ ಕಥೆ ಹೇಳಿ ಮುಗ್ಧ ಜನರನ್ನು ವಂಚಿಸಿದನು." ಮೂರು ಬಾರಿ ಓದಿದೆ. ಅಕ್ಷರದೋಷ ಒಂದೂ ಇರಲಿಲ್ಲ. ಉಳಿದ ದೋಷಗಳನ್ನು ಹೇಳುವುದಕ್ಕೇ ಇದನ್ನು ಬರೆಯಲು ಕುಳಿತಿದ್ದೇನೆ.

ಮೊದಲು ನನ್ನ ಯೋಗ್ಯತೆ ನಿಮಗೆ ತಿಳಿದಿರಲಿ. ಶಾಲೆಯನ್ನು ನಾನು ನಾಲ್ಕನೆಯ ಇಯತ್ತೆಗೇ ಬಿಟ್ಟವನು. ಓದು ಬಂದದ್ದು ಸೀಸದ ಮೊಳೆಗಳಿಂದ. ಮೊಳೆಯ ಮೇಲೆ ಅಕ್ಷರ ಕನ್ನಡಿಯೊಳಗಿನಂತೆ ತಿರುವು ಮುರುವಾಗಿರುತ್ತದೆ. ಲಗ್ನಪತ್ರಿಕೆ, ಕೋರ್ಟಿನ ನೋಟೀಸು, ಮಠದ ಬಿನ್ನಹ, ಬೀಜದ ಅಂಗಡಿಯ ಜಾಹೀರಾತು, ಇವೇ ನನ್ನ ಪಠ್ಯಪುಸ್ತಕಗಳು. ಎಲ್ಲವನ್ನೂ ಉಲ್ಟಾ ಓದಿಯೇ ಕಲಿತೆ. ಆದ್ದರಿಂದಲೇ ಯಾರು ಏನು ಬರೆದರೂ ಅದನ್ನು ತಿರುಗಿಸಿ ನೋಡದ ಹೊರತು ನನಗೆ ಅರ್ಥವಾಗುವುದಿಲ್ಲವೆಂದು ಮನೆಯವರು ಹಂಗಿಸುತ್ತಾರೆ. ಹಂಗಿಸಲಿ. ನೇರವಾಗಿ ಓದಿದವರು ಎಷ್ಟು ತಿಳಿದಿದ್ದಾರೆ ಎಂಬುದು ಮೇಲಿನ ವಾಕ್ಯದಲ್ಲೇ ಕಾಣುತ್ತಿದೆಯಲ್ಲ.

ಮಾನಪ್ಪ ಕೆಂಭಾವಿಯವನು. ತೆಳ್ಳಗಿನ ಆಳು, ಕಂಠ ಮಾತ್ರ ಮೂರು ಜನರಿಗೆ ಸಾಕಾಗುವಷ್ಟು. ಊರಿಂದೂರಿಗೆ ಹೋಗುತ್ತಿದ್ದ ಆ ಟೆಂಟ್ ಸಿನೆಮಾದಲ್ಲಿ ಬೇರೆ ಭಾಷೆಯ ಚಿತ್ರ ಬಂದಾಗ, ಪರದೆಯ ಬದಿಗೆ ಮೈಕು ಹಿಡಿದು ನಿಂತು ಕಥೆಯನ್ನು ನಮ್ಮ ಮಾತಿನಲ್ಲಿ ಹೇಳುವುದು ಅವನ ಕೆಲಸ. ಆಗ ನನಗೆ ಇಪ್ಪತ್ತೆರಡೋ ಇಪ್ಪತ್ಮೂರೋ. ಅವನು ನನಗಿಂತ ಹತ್ತು ವರ್ಷಕ್ಕೆ ಹಿರಿಯ.

ಆ ಚಿತ್ರ ಯಾದಗಿರಿಯಲ್ಲಿ ಒಂದು ವಾರ ನಡೆದು ಶಹಾಪುರಕ್ಕೆ ಬಂದಿತ್ತು. ಮೊದಲ ದಿನ ಬೆಳಿಗ್ಗೆ ಟೆಂಟಿನ ಮಾಲೀಕ ಅಚ್ಚುಕೂಟಕ್ಕೆ ಬಂದು ನಾಲ್ಕು ಫೋಟೋಗಳನ್ನು ನನ್ನ ಮುಂದೆ ಚೆಲ್ಲಿದ. ದೊಡ್ಡ ಟೊಪ್ಪಿಗೆಯವನೊಬ್ಬ ಕುದುರೆಯ ಮೇಲೆ ಕುಳಿತು ತಂಬೂರಿಯಂಥದೇನನ್ನೋ ಬಾರಿಸುತ್ತಿದ್ದಾನೆ, ಒಬ್ಬ ಹುಡುಗಿ ಅಳುತ್ತಿದ್ದಾಳೆ, ಮೂವರು ದಪ್ಪ ಮನುಷ್ಯರು ಪಿಸ್ತೂಲು ಹಿಡಿದು ದನ ನೀರು ಕುಡಿಯುವ ದೋಣಿಯೊಳಗೆ ಬಿದ್ದಿದ್ದಾರೆ, ಒಂದು ಪೆಟ್ಟಿಗೆ.

"ಮಧ್ಯಾನಕ್ಕ ಊರೂರಿಗೆ ಚೀಟಿ ಹಂಚಬೇಕು. ಕಥಿ ನೀನ ಬರಿ," ಎಂದ.

"ಕಥಿ ಏನ್ರಿ?"

"ನಂಗೇನು ಗೊತ್ತಪಾ, ನಾ ಗಲ್ಲಾ ಬಿಟ್ಟು ಒಳಗ ಹೋಗಾಂವಲ್ಲ! ಇಂವ ದನ ಕಾಯಾಂವ, ಪದ ಹಾಡ್ತಾನ, ಎಲ್ಲೋ ನಿಧಿ ಅದ ಅಂತ. ಮಾನಪ್ಪ ಪಿಕ್ಚರ್ ಮಶಿನ್ ಗಾಡಿ ಸಂಗಾಟ ಬರಾಕತ್ತಾನ, ಇನ್ನೂ ಮುಟ್ಟಿಲ್ಲ."

"ದನ ಕಾಯಾವಗ ಕುದರಿ ಯಾಕ್ರಿ?"

"ಅವರ ಊರಾಗ ದನ ಜೋರಾಗಿ ಓಡತಾವೇನೋ. ನೀ ಬರಿಯೋ ಮಾರಾಯಾ!"

ನಿಧಿಯ ಕಥೆ ಬರೆಯುವುದು ನಮ್ಮ ಕಡೆಯವರಿಗೆ ಕಷ್ಟವೇ? ಸುರಪುರದ ಕೋಟೆಯಿಂದ ಭೀಮೆಯ ದಂಡೆಯವರೆಗೆ ನಮ್ಮಲ್ಲಿ ಪ್ರತಿ ಮನೆಯಲ್ಲೂ ಹೊಲದಲ್ಲಿ ತಾಮ್ರದ ಕೊಡ ಕಂಡ ಒಬ್ಬ ಅಜ್ಜ ಇರುತ್ತಾನೆ. ಕೊಡ ಕಂಡವರಿದ್ದಾರೆ, ತಂದವರು ಯಾರೂ ಇಲ್ಲ. ನನ್ನ ಅಜ್ಜನೂ ಒಂದು ಕಂಡಿದ್ದ. ಹುಡುಗಿಯ ತೀರಿಹೋದ ತಂದೆ ನಿಧಿ ಹೂತಿಟ್ಟನೆಂದೂ, ದನಗಾಹಿಯ ಹಾಡು ಕೇಳಿ ದನಗಳು ಆ ಜಾಗದಲ್ಲೇ ನಿಂತುಬಿಟ್ಟವೆಂದೂ, ಊರವರೆಲ್ಲ ಕೂಡಿ ಅಗೆದರೆಂದೂ ಒಂದು ತಾಸಿನಲ್ಲಿ ಜೋಡಿಸಿಬಿಟ್ಟೆ.

ಅಂಥ ಪ್ರಚಾರದ ಚೀಟಿಗಳಿಗೆ ಒಂದು ಪದ್ಧತಿಯಿತ್ತು. ಕಥೆಯನ್ನು ಕುತ್ತಿಗೆಯವರೆಗೆ ತಂದು ಬಿಡಬೇಕು, "ಮುಂದೇನಾಯಿತು? ಬೆಳ್ಳಿತೆರೆಯ ಮೇಲೆ ನೋಡಿರಿ" ಎಂದು ಮುಗಿಸಬೇಕು. ನಾನೂ ಅಲ್ಲಿಗೇ ನಿಲ್ಲಿಸಿದ್ದೆ. ಆದರೆ ಕೆಳಗೆ ಎರಡು ಬೆರಳು ಜಾಗ ಉಳಿಯಿತು. ಎಂದಿನಂತೆ ಹೂಬಳ್ಳಿಯ ಅಂಚು ಕೂಡಿಸೋಣವೆಂದರೆ ಹೂವಿನ ಮೊಳೆಗಳೆಲ್ಲ ಒಂದು ಲಗ್ನಪತ್ರಿಕೆಯಲ್ಲಿ ಸಿಕ್ಕಿಕೊಂಡಿದ್ದವು. ನಮ್ಮ ಧಣಿ ಇಣುಕಿ, "ಕೆಳಗ ಬೋಳ ಕಾಣ್ತದ, ಏನರೆ ತುಂಬು," ಎಂದರು. ತುಂಬಿದೆ. ಕೊನೆಯ ಸಾಲು ತೆಗೆದು, ಅದರ ಜಾಗವನ್ನೂ ಉಳಿದ ಜಾಗವನ್ನೂ ಕೂಡಿಸಿ ದೊಡ್ಡ ಅಕ್ಷರದಲ್ಲಿ ಹೀಗೆ ಜೋಡಿಸಿದೆ: "ಆ ಮಹಾನುಭಾವನು ನಿಧಿಯನ್ನು ತಾನಿಟ್ಟುಕೊಳ್ಳದೆ, ಅಗೆದವರೆಲ್ಲರಿಗೂ ಸಮನಾಗಿ ಹಂಚಿದನು." ಸಾಲು ಅಂಚಿಗೆ ಸರಿಯಾಗಿ ಕೂತಿತು. ಅದರ ಅಂದಕ್ಕೆ ನಾನೇ ತಲೆದೂಗಿದೆ.

ಮಧ್ಯಾಹ್ನ ಮಾನಪ್ಪ ಬಂದ. ಚೀಟಿಯನ್ನು ಓದಿದ. ಹೌದು, ಓದಿದ, ಅವನಿಗೆ ಓದು ಬರುತ್ತಿತ್ತು.

"ಯಾರು ಬರದಾರಿದು?"

"ನಾನ."

"ಪಿಕ್ಚರ್ ನೋಡೀಯೇನು?"

"ಇಲ್ಲ."

"ನಾ ಏಳು ದಿನ ನೋಡೇನಿ. ಅಂವ ಯಾರಿಗೂ ಹಂಚಂಗಿಲ್ಲ ತಮ್ಮಾ. ಪೆಟಗಿ ಗಾಡ್ಯಾಗ ಇಟಗೊಂಡು, ಬಾಜೂಕ ಆ ಹುಡಿಗೀನ ಕುಂದರಿಸಿಕೊಂಡು, ಪದ ಹಾಡಿಕೋತ ಹೋಗಿಬಿಡತಾನ. ಊರ ಮಂದಿ ಟೊಪಗಿ ಬೀಸಿಕೋತ ನಿಂದರತಾರ."

ಅಷ್ಟರೊಳಗೆ ಚೀಟಿಗಳು ಪಕ್ಕದ ಊರು ಗೋಗಿಯನ್ನೂ ದಾಟಿ ಹೋಗಿದ್ದವು.

ಇಲ್ಲಿ ಸ್ವಲ್ಪ ನಿಲ್ಲೋಣ. "ಇಂಗ್ಲಿಷ್ ಬಾರದ" ಎಂದು ಉಪನ್ಯಾಸಕರು ಬರೆದಿದ್ದಾರೆ. ಇಂಗ್ಲಿಷ್ ಅವನಿಗೆ ಬರುತ್ತಿರಲಿಲ್ಲ, ಒಪ್ಪಿದೆ. ಆದರೆ ಪೆಟ್ಟಿಗೆ ಯಾರ ಗಾಡಿಯಲ್ಲಿ ಹೋಯಿತು ಎಂಬುದನ್ನು ತಿಳಿಯಲು ಇಂಗ್ಲಿಷ್ ಏಕೆ ಬೇಕು? ಆ ಚಿತ್ರದ ನಿಜವಾದ ಕಥೆ ಶಹಾಪುರದಲ್ಲಿ ಗೊತ್ತಿದ್ದದ್ದು ಅವನೊಬ್ಬನಿಗೇ. ಗೊತ್ತಿಲ್ಲದೆ ಬರೆದವನು ನಾನು.

ಸಂಜೆಯ ಆಟಕ್ಕೆ ಟೆಂಟು ತುಂಬಿತು. ಮುಕ್ಕಾಲು ಜನರ ಕೈಯಲ್ಲಿ ನನ್ನ ಚೀಟಿ. ಓದು ಬಂದವರು ಬಾರದವರಿಗೆ ಆಗಲೇ ಓದಿ ಹೇಳಿದ್ದರು. ಮಾನಪ್ಪ ಅಂದು ಬಹಳ ರಂಗಾಗಿ ಹೇಳಿದ. ದಪ್ಪ ಕಳ್ಳರು ಬಂದಾಗ, "ನೋಡ್ರಿ, ಬಂದೂಕ ಮರೀದೆ ತಂದಾರ, ಬುದ್ಧಿ ಮನ್ಯಾಗ ಬಿಟ್ಟು ಬಂದಾರ," ಎಂದ. ದನಗಾಹಿ ಹುಡುಗಿಯ ಮುಖದ ಸಮೀಪ ಮುಖ ತಂದಾಗ, "ನಿಧಿ ಎಲ್ಲಿ ಅದ ಅಂತ ಕಿವ್ಯಾಗ ಕೇಳಾಕತ್ತಾನ," ಎಂದ. ಹಿಂದಿನಿಂದ ಯಾರೋ ಕೂಗಿದರು: "ಅದು ಕಿವಿ ಅಲ್ಲಲೇ ಮಾನಪ್ಪಾ!" ಟೆಂಟು ನಕ್ಕು ಅಲುಗಾಡಿತು. ದನಗಾಹಿ ಹಾಡಿದಾಗಲೆಲ್ಲ ಅವನ ದನಿ ತಗ್ಗಿಸಿ ಮಾನಪ್ಪ ತನ್ನ ಪದ ಹಾಡಿದ. ಕುದುರೆ ಅವನ ತಾಳಕ್ಕೇ ಹೆಜ್ಜೆ ಹಾಕಿದಂತೆ ಕಾಣುತ್ತಿತ್ತು.

ಆಮೇಲೆ ಕೊನೆ ಬಂತು. ಪೆಟ್ಟಿಗೆ ಗಾಡಿಯನ್ನೇರಿತು. ಗಾಡಿ ಹೊರಟಿತು.

"ಏ, ಹಂಚಲಿಲ್ಲಲ್ಲ!" ಎಂದಿತು ಒಂದು ದನಿ. "ಚೀಟ್ಯಾಗ ಸಮ ಹಂಚ್ಯಾನಂತ ಬರದದ! ಇಂವ ಒಯ್ಯಾಕತ್ತಾನ!" ಇನ್ನೊಬ್ಬ ಎದ್ದು ನಿಂತ. "ಯಾವಂವ ಬರದಾನಿದು? ಕರೀರಿ ಅಂವನ್ನ!" ಜನ ಎದ್ದರು, ಒಂದು ಕಡೆಯ ಹಗ್ಗ ಬಿಚ್ಚಿತು, ಬಟ್ಟೆ ಜೋತುಬಿತ್ತು. ನಾನು ಕಂಬದ ಮರೆಗೆ ನಿಂತಿದ್ದೆ, ಬೆರಳ ಮಸಿ ಕಾಣದಂತೆ ಕೈಗಳನ್ನು ಜೇಬಿಗಿಳಿಸಿ. ಮಾನಪ್ಪ ನನ್ನನ್ನು ನೋಡಿದ. ಅವನ ಒಂದು ಮಾತು ಸಾಕಿತ್ತು. ನನ್ನ ನೌಕರಿಯೂ ಬೆನ್ನೂ ಅಂದೇ ಮುಗಿಯುತ್ತಿದ್ದವು. ಅವನು ನನ್ನಿಂದ ಕಣ್ಣು ತೆಗೆದು ಮೈಕಿಗೆ ಬಾಯಿಟ್ಟ.

"ಕುಂದರ್ರಿ! ಹಂಚಬೇಕಂದ್ರ ಊರೂರಿಗೆ ಹೋಗಬ್ಯಾಡೇನ್ರಿ ಅಂವ? ಹಂಚಾಕ ಹೊಂಟಾನ!"

ಪರದೆಯ ಮೇಲೆ ಗಾಡಿ ಗುಡ್ಡ ಹತ್ತುತ್ತಿತ್ತು. ಮಾನಪ್ಪ ಹಾಡತೊಡಗಿದ. ಗಾಡಿ ಗೋಗಿಗೆ ಬಂತು, ಗೋಗಿಯವರು ಕೈಯೊಡ್ಡಿರಿ ಎಂದು ಹಾಡಿದ. ಗೋಗಿಯವರು ಸಿಳ್ಳೆ ಹೊಡೆದರು. ಕೆಂಭಾವಿಗೆ ಬಂತು, ಸುರಪುರದ ಗುಡ್ಡ ಏರಿತು, ಯಾದಗಿರಿಯ ಸ್ಟೇಶನ್ನಿಗೆ ಹೋಗಿ ಹಮಾಲರಿಗೂ ಒಂದು ಪಾಲು ಕೊಟ್ಟಿತು. ಚಿತ್ರ ಮುಗಿದು ಬರೀ ಬಿಳಿ ಬಟ್ಟೆ ಉಳಿದ ಮೇಲೂ ಹೆಸರು ಬಾರದ ಊರಿನವರು ಅವನನ್ನು ಬಿಡಲಿಲ್ಲ. "ನಮ್ಮೂರು! ನಮ್ಮೂರಿಗಿ ಬರ್ಲಿ!" ಎಂದು ಕೂಗಿ, ಪಾಲು ತಗೊಂಡೇ ಮನೆಗೆ ಹೋದರು.

ಮರುದಿನ ಅವನು ಅಚ್ಚುಕೂಟದ ಬಾಗಿಲಿಗೆ ಬಂದಾಗ ಬೈಗುಳಕ್ಕೆ ನಾನು ಸಿದ್ಧನಾಗಿದ್ದೆ. ಹಾಡಿ ಹಾಡಿ ಅವನ ದನಿ ಒಡೆದುಹೋಗಿತ್ತು. "ಇನ್ನ ಮ್ಯಾಲ ಜಾಗ ಉಳದ್ರ ಖಾಲಿ ಬಿಡಪಾ," ಎಂದು ಪಿಸುಗುಟ್ಟಿದ. "ನಿನ್ನ ಒಂದು ಸಾಲಿಗಿ ನಾ ಹನ್ನೆರಡು ಊರು ತಿರಗಬೇಕಾತು."

ಈಗ "ಮುಗ್ಧ ಜನ" ಎಂಬ ಮಾತಿಗೆ ಬರುತ್ತೇನೆ. ಮರುದಿನದ ಆಟಕ್ಕೆ ಅದೇ ಜನ ಮತ್ತೆ ಬಂದರು, ತಮ್ಮ ಊರಿನ ಹೆಸರು ಇನ್ನೊಮ್ಮೆ ಕೇಳಲು. ಎತ್ತಿನ ಗಾಡಿ ಕಟ್ಟಿಕೊಂಡು ಬಂದವರನ್ನು ಕಣ್ಣಾರೆ ಕಂಡಿದ್ದೇನೆ. ವಂಚನೆಗೊಳಗಾದವನು ಮರುದಿನ ಹೆಂಡತಿಯನ್ನೂ ಕರೆದುಕೊಂಡು ಬಂದು ಪುನಃ ವಂಚನೆಗೊಳಗಾಗುತ್ತಾನೆಯೇ? ಅವರಿಗೆ ಎಲ್ಲ ಗೊತ್ತಿತ್ತು. ದೇಶಾಂತರದ ದನಗಾಹಿ ಒಬ್ಬನೇ ಹೊತ್ತುಕೊಂಡು ಹೋದದ್ದನ್ನು ಪದದಲ್ಲಾದರೂ ಹಂಚಿಸಿಕೊಂಡೆವೆಂಬ ಸಂತೋಷ ಅವರದು. ಜನರನ್ನು ಮುಗ್ಧರೆಂದು ಬರೆಯುವವರು ಸಾಮಾನ್ಯವಾಗಿ ಜನರ ನಡುವೆ ಕುಳಿತು ಚಿತ್ರ ನೋಡಿದವರಲ್ಲ.

ಆದರೆ ಟೆಂಟು ಹೋಯಿತು, ನಗು ಹೋಯಿತು, ಒಂದು ಮಾತು ಉಳಿಯಿತು. ಯಾರಾದರೂ ಕೊಡುತ್ತೇನೆಂದು ಕೊಡದಿದ್ದರೆ, "ಮಾನಪ್ಪನ ನಿಧಿ ಹಂಚಿದಂಗಾತು," ಎಂದು ಶಹಾಪುರ, ಸುರಪುರ, ಯಾದಗಿರಿ ಮೂರೂ ತಾಲೂಕಿನಲ್ಲಿ ಅನ್ನತೊಡಗಿದರು. ಆ ಮಾತು ನನ್ನ ಕಿವಿಗೆ ಎಷ್ಟೋ ಸಲ ಬಿದ್ದಿದೆ. ಪ್ರತಿ ಸಲವೂ ಚಹಾದ ಕಪ್ಪಿನೊಳಗೆ ನೋಡುತ್ತ ಕುಳಿತಿದ್ದೇನೆ. ಮೊದಮೊದಲು ನೌಕರಿಯ ಭಯ. ಆಮೇಲೆ, ಅಕ್ಷರ ತಪ್ಪದ ಮನುಷ್ಯನೆಂಬ ಹೆಸರು ಬಂದಿತ್ತು, ಅದನ್ನು ಕಳೆದುಕೊಳ್ಳುವ ಭಯ. ಮಾನಪ್ಪ ತೀರಿಕೊಂಡಾಗ ಮಣ್ಣಿಗೆ ಹೋದೆ. ಅಲ್ಲಿಯೂ ಬಾಯಿ ಬಿಡಲಿಲ್ಲ.

ಕರಡು ಓದಿದ ದಿನವೇ ಉಪನ್ಯಾಸಕರಿಗೆ ಫೋನು ಮಾಡಿ, ಆ ವಾಕ್ಯ ಸುಳ್ಳೆಂದೆ.

"ಮೂರು ಜನ ಹಿರಿಯರು ಹೇಳ್ಯಾರ್ರಿ ಅಜ್ಜಾರ. ನಿಮ್ಮ ಹತ್ರ ದಾಖಲೆ ಅದ ಏನ್ರಿ?"

"ಚೀಟಿ ಒಂದೂ ಉಳದಿಲ್ಲ. ನಾನ ದಾಖಲೆ."

"ನೀವು ಅಕ್ಷರ ಅಷ್ಟ ನೋಡ್ರಿ. ಬೇಕಂದ್ರ ಅಡಿಟಿಪ್ಪಣಿ ಹಾಕೋಣು."

ಮನುಷ್ಯನ ಮಾನವನ್ನು ಮೇಲೆ ದೊಡ್ಡ ಅಕ್ಷರದಲ್ಲಿ ತೆಗೆದು, ಕೆಳಗೆ ಸಣ್ಣ ಅಕ್ಷರದಲ್ಲಿ ಮರಳಿ ಕೊಡುವ ಈ ವಿದ್ಯೆಯನ್ನು ನನ್ನ ಮೊಳೆಗಳು ನನಗೆ ಕಲಿಸಿರಲಿಲ್ಲ. ಫೋನು ಇಟ್ಟೆ. ಮರುದಿನ ಬೆಳಿಗ್ಗೆ ಕೆಂಭಾವಿಯ ಬಸ್ಸು ಹತ್ತಿದೆ.

ಮಾನಪ್ಪನ ಮಗಳು ದೇವಮ್ಮ ಅಂಗಳದಲ್ಲಿ ತೊಗರಿ ಹಸನು ಮಾಡುತ್ತಿದ್ದಳು. ಪುಸ್ತಕದಲ್ಲಿ ಏನಿದೆಯೆಂದು ಹೇಳಿದೆ. ಆ ಸಾಲು ಯಾರದೆಂದೂ ಹೇಳಿದೆ. ಮೊರ ನಿಂತಿತು.

"ಇಷ್ಟು ವರ್ಷ ಬಾಯಿ ಎಲ್ಲಿ ಇಟ್ಟಿದ್ರಿ?"

ಮೊರದಿಂದ ಸಿಡಿದ ಕಾಳುಗಳನ್ನು ನಾನು ಹೆಕ್ಕತೊಡಗಿದೆ. ಅವಳು ಬಿಡಲಿಲ್ಲ.

"ನನ್ನ ಲಗ್ನದಾಗ ಬೀಗರು ಏನಂದ್ರು ಗೊತ್ತದ ಏನ್ರಿ? ಮಾನಪ್ಪ ಬಂಗಾರ ಹಾಕ್ತೀನಿ ಅಂದ್ರ ನಂಬಬ್ಯಾಡ್ರಿ, ಅಂವ ಪದದಾಗ ಹಾಕತಾನ ಅಂದ್ರು. ಹಂದರದಾಗ, ಎಲ್ಲರ ಮುಂದ. ಅಪ್ಪ ನಕ್ಕ. ಅವತ್ತಿನಿಂದ ಮನ್ಯಾಗ ಪದ ಹಾಡಲಿಲ್ಲ."

"ನಿಮ್ಮಪ್ಪ ಸುಳ್ಳ ಹೇಳಿಲ್ಲಂತ ಬರಸ್ತೀನವ್ವಾ."

"ಮತ್ತೊಂದು ಸುಳ್ಳ ಬರೀಬ್ಯಾಡ್ರಿ. ಹೇಳ್ಯಾನ. ಯಾರನ್ನ ಉಳಿಸಾಕ ಹೇಳಿದ, ಅದು ಬರೀರಿ. ಹೆಸರು ಹಾಕಿ ಬರೀರಿ."

ಬಸ್ಸಿನಲ್ಲಿ ಮರಳಿ ಬರುವಾಗ ನನಗೆ ನಾಚಿಕೆಯಾದದ್ದು ಇದಕ್ಕೆ: ಅವನನ್ನು ಪಾರುಮಾಡುವ ಹಂಚಿಕೆ ಹಾಕಿಕೊಂಡು ಹೋದ ನಾನು, ಅದರೊಳಗೂ ನನ್ನ ಹೆಸರಿಗೆ ಮರೆ ಹುಡುಕಿಕೊಂಡಿದ್ದೆ. "ಅಚ್ಚುಕೂಟದವರ ತಪ್ಪಿನಿಂದ" ಎಂದು ಬರೆಸಿದರೆ ಸಾಕೆಂದು ಕೆಂಭಾವಿ ಬರುವ ತನಕ ಲೆಕ್ಕ ಹಾಕಿದ್ದೆ.

ಮನೆಗೆ ಬಂದು ಆ ವಾಕ್ಯವನ್ನು ಅಡ್ಡಗೆರೆಯೆಳೆದು ಹೊಡೆದುಹಾಕಿದೆ. ಬದಲಿಗೆ ಐದು ಸಾಲು ಬೇರೆ ಹಾಳೆಯಲ್ಲಿ ಬರೆದೆ. ಈ ಹಾಳೆ ಪುಸ್ತಕಕ್ಕೆ ಸೇರುವವರೆಗೂ ತಿದ್ದಿದ ಕರಡಿನ ಒಂದು ಪುಟವನ್ನೂ ಕೊಡುವುದಿಲ್ಲವೆಂದು ಯಾದಗಿರಿಗೆ ತಿಳಿಸಿದೆ. ಮೂರು ದಿನ ಫೋನುಗಳು ಬಂದವು: ಬೆಣ್ಣೆಯಂಥವು, ಆಮೇಲೆ ಖಾರದವು. ಮೊಂಡನೆಂದರು. ಅದರಲ್ಲಿ ಅಕ್ಷರದೋಷವೇನೂ ಕಾಣಲಿಲ್ಲ.

ಇಂದು ಮುಂಜಾನೆ ಉಪನ್ಯಾಸಕರು ತಾವೇ ಬಂದರು. ಕೂತುಕೊಳ್ಳಿರಿ ಎನ್ನುವ ಮೊದಲು ಹಾಳೆಯನ್ನು ಅವರ ಕೈಗಿತ್ತೆ.

"ಗಟ್ಟಿಯಾಗಿ ಓದ್ರಿ."

ಅವರು ನಿಂತುಕೊಂಡೇ ಓದಿದರು. "ಆ ಚಿತ್ರದ ಕಥೆಯನ್ನು ಮಾನಪ್ಪನು ಬಲ್ಲವನಾಗಿದ್ದನು. ಚಿತ್ರವನ್ನು ನೋಡದೆ ಸುಳ್ಳು ಕಥೆಯನ್ನು ಅಚ್ಚುಹಾಕಿದವನು ಬೇರೆ. ಸಿಟ್ಟಿಗೆದ್ದ ಜನರಿಂದ ಅವನನ್ನು ಉಳಿಸಲು ಮಾನಪ್ಪನು ಆ ಸುಳ್ಳನ್ನು ತನ್ನ ಮೈಮೇಲೆ ಎಳೆದುಕೊಂಡು, ಹಾಡಿ, ಕೊನೆಯತನಕ ಹೊತ್ತನು. ಅಚ್ಚುಹಾಕಿದವನ ಹೆಸರು..."

ಅಲ್ಲಿ ನಿಂತರು. ಹಾಳೆಯಿಂದ ತಲೆಯೆತ್ತಿ ನನ್ನನ್ನು ನೋಡಿದರು. "ಅಜ್ಜಾರ, ಇದು ಅಚ್ಚಾದ್ರ ತೆಗಿಯಾಕ ಬರಂಗಿಲ್ರಿ," ಎಂದರು ಮೆತ್ತಗೆ.

"ಗೊತ್ತದ. ಮುಂದ ಓದ್ರಿ," ಎಂದೆ.