ಮುಷ್ಕರದ ದಿನ ಹೊತ್ತ ಮೂಟೆಗಳು

ನಂಜನಗೂಡಿನ ಅಕ್ಕಿ ಮಂಡಿಯೊಂದರಲ್ಲಿ ನಾನು ಹಮಾಲಿಯಾಗಿದ್ದೆ. ತೊಂಬತ್ತರ ದಶಕದ ಕೊನೆಯಲ್ಲಿ ನಮ್ಮ ಸಂಘ ಮುಷ್ಕರ ಹೂಡಿತು. ನೂರು ಕೆಜಿ ಮೂಟೆ ಬೇಡ, ಐವತ್ತರದು ಮಾಡಿ ಎಂಬುದೊಂದೇ ಬೇಡಿಕೆ. ನಮ್ಮ ಮಂಡಿಯ ಸಾಹುಕಾರರಿಗೆ ಅದು ಸೋಮಾರಿಗಳ ಮಾತಾಗಿ ಕೇಳಿಸಿತ್ತು.

ನಾಲ್ಕನೆಯ ದಿನ ನರಸೀಪುರದಿಂದ ಅಕ್ಕಿ ಲಾರಿ ಬಂದು ನಿಂತಿತು. ನಾವು ಎದುರಿನ ಹೊಂಗೆ ಮರದಡಿ ಬೀಡಿ ಸೇದುತ್ತ ಕೂತಿದ್ದೆವು. ಇದ್ದಕ್ಕಿದ್ದಂತೆ ಮಳೆ ಹುಯ್ಯಿತು. ಲಾರಿಯ ಟಾರ್ಪಾಲು ಹರಿದಿತ್ತು. ಮೊದಲು ಎದ್ದವರು ಯಾರೋ ತಿಳಿಯದು, ಎಲ್ಲರೂ ಓಡಿದೆವು. ಮಳೆ ನಿಲ್ಲುವಷ್ಟರಲ್ಲಿ ಅಕ್ಕಿಯೆಲ್ಲ ಮಂಡಿಯೊಳಗಿತ್ತು.

ಆಗ ನಮ್ಮ ಮೇಸ್ತ್ರಿ ತಲೆ ಚಚ್ಚಿಕೊಂಡ. "ಸ್ಟ್ರೈಕ್ ಕಣ್ರಲಾ! ಏರ್ಸ್ರಲಾ ವಾಪಸ್ಸು!"

ಸಾಹುಕಾರರು ಬಿಚ್ಚಿದ ಕೊಡೆ ಮಡಿಸುವುದನ್ನೂ ಮರೆತು ಓಡಿಬಂದರು. "ಇಳಿಸಿದ್ದು ಇಳಿಸಾಯ್ತಲ್ಲ, ಬಿಡ್ರಪ್ಪ!"

"ಅದೆಂಗಾದದು ಸಾವ್ಕಾರ್ರೇ? ನಾವು ಕೆಲ್ಸ ನಿಲ್ಸಿದೀವಿ," ಎಂದ ಮೇಸ್ತ್ರಿ.

ಕೂಲಿಯಿಲ್ಲದೆ ಅಷ್ಟನ್ನೂ ಮತ್ತೆ ಲಾರಿಗೆ ಹೊತ್ತೆವು. ಅಂಥ ದಡ್ಡರನ್ನು ನಾನು ಆಮೇಲೆ ಎಲ್ಲೂ ಕಾಣಲಿಲ್ಲ, ಅಂಥ ಗೆಳೆಯರನ್ನೂ.

ಕೊನೆಯ ಮೂಟೆಗೆ ನಾನು ಬೆನ್ನು ಬಗ್ಗಿಸಿದಾಗ ಎತ್ತಿಕೊಡಲು ಮೇಸ್ತ್ರಿಯೊಬ್ಬನೇ ನಿಂತಿದ್ದ, ಉಳಿದವರು ಸುಸ್ತಾಗಿ ಕೂತಿದ್ದರು. ಸಾಹುಕಾರರೇ ಕೊಡೆ ಮಡಿಸಿಟ್ಟು ಮೂಟೆಯ ಇನ್ನೊಂದು ತುದಿ ಹಿಡಿದರು. ಅಪ್ಪನ ಕಾಲದ ಮಂಡಿ ನಡೆಸುತ್ತಿದ್ದವರು ಮೂಟೆ ಮುಟ್ಟಿದ್ದು ಅದೇ ಮೊದಲು. ಅವರ ಕಡೆ ಅದು ಗೇಣೂ ಮೇಲೇಳಲಿಲ್ಲ.

ಬೆನ್ನ ಹಿಂದೆ ಅವರ ಏದುಸಿರು ಕೇಳಿಸಿತು. ಆಮೇಲೆ ಮೆಲ್ಲಗೆ ಕೇಳಿದರು, "ದಿನಾ ಇದ್ನೇ ಹೊರ್ತೀಯೇನಪ್ಪ?"